ಇಲ್ಲ ಎಂದು ನೀನು ಬರೆದ ದಾರಿ

ತಮ್ಮ ಎನ್ನದೆ ಬೇರೆ ಗತಿಯಿಲ್ಲದವನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ. ಬೇರೆಯವರ ಮೂಳೆ ಮುರಿದಾಗಲೂ ನಿನ್ನ ಅಂಗಿಯ ಇಸ್ತ್ರಿ ಮುದುಡಿದ್ದನ್ನು ನಾನು ಕಂಡಿಲ್ಲ. ಹೋದ ವಾರ ಚಿಕ್ಕಮ್ಮನ ಮನೆಯಲ್ಲಿ ಕೂತು, "ಅಕ್ಕ ಹೊಟ್ಟೆಕಿಚ್ಚಿಗೆ ನನ್ನ ಕೆಲಸ ತೆಗೆಸಿದ್ಳು, ಅಮ್ಮನ ತಲೆ ಕೆಡಿಸಿದ್ಳು" ಎಂದು ಹೇಳಿದೆಯಂತೆ. ಚಿಕ್ಕಮ್ಮನ ಕಿವಿಗೆ ಹಾಕಿದರೆ ಊರಿಗೆಲ್ಲ ಡಂಗುರ ಸಾರಿಸಿದ ಹಾಗೆ ಎಂದು ಗೊತ್ತಿದ್ದೇ ಹೇಳಿದ್ದೀಯ. ಸೋಪು ಕೊಳ್ಳಲು ಹೋದರೆ ಅಂಗಡಿಯವನು ಚಿಲ್ಲರೆ ಕೊಡುತ್ತಾ ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಿಗೇ ನೋಡುತ್ತಾನೆ. ಅದಕ್ಕೇ ಈ ಕಾಗದ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಮೊದಲ ಸಾಲಿನಲ್ಲೇ ಬೈಗುಳಗಳು ಬಂದು ಸರದಿ ನಿಂತವು. ಈ ಸಲ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬೈಗುಳಗಳು ತಮಗೆ ಬೇಕಾದ ಕಡೆ ತಾವೇ ಬಂದು ಕೂರಲಿ.

ಅಪ್ಪನಿಂದ ಶುರು ಮಾಡಬೇಕು, ಏಕೆಂದರೆ ನೀನು ಮೊದಲು ಅಳಿಸಿದ್ದು ಅವರನ್ನು. ಊರ ಹಿಂದಿನ ಗುಡ್ಡ ಸರ್ಕಾರದ್ದು. ಅದರ ನೆತ್ತಿಯ ಮೇಲಿರುವ ಟ್ಯಾಂಕು ನೀರು ಸರಬರಾಜು ಇಲಾಖೆಯದ್ದು. ಆ ಟ್ಯಾಂಕಿನ ಕಾವಲು ಅಪ್ಪನದ್ದು. ಇಲಾಖೆ ಅವರಿಗೆ ಒಂದು ಬೀಗದ ಕೈ, ಒಂದು ಟಾರ್ಚು, ಎರಡು ವರ್ಷಕ್ಕೊಂದು ಖಾಕಿ ಕೋಟು ಕೊಟ್ಟಿತು. ಮೇಲೆ ಹೋಗಲು ದಾರಿ ಮಾತ್ರ ಕೊಡಲಿಲ್ಲ. ಮೊದಮೊದಲು ಪೊದೆ ಹಿಡಿದುಕೊಂಡು ಹತ್ತುತ್ತಿದ್ದರಂತೆ. ಆಮೇಲೆ ದಿನಕ್ಕೊಂದು ಕಲ್ಲು. ಹತ್ತುವಾಗ ಕಣ್ಣಿಗೆ ಬಿದ್ದ ಚಪ್ಪಟೆ ಕಲ್ಲನ್ನು ಗುರುತಿಟ್ಟುಕೊಂಡು, ಇಳಿಯುವಾಗ ಅದನ್ನು ಎಳೆದು ತಂದು ಒಂದು ಮೆಟ್ಟಿಲು ಕೂರಿಸುವುದು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಾನು ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಕೆಳಗಿನ ಬೇಕರಿ ಮಗ್ಗುಲಿನಿಂದ ಟ್ಯಾಂಕಿನ ಬಾಗಿಲವರೆಗೆ ದಾರಿ ಮುಗಿದಿತ್ತು. ಮೊದಲು ಹತ್ತಿದವರು ನಿವೃತ್ತರು. ಆಮೇಲೆ ಮಕ್ಕಳನ್ನು ಶಾಲೆಗೆ ಬಿಟ್ಟ ಹೆಂಗಸರು. ಆಮೇಲೆ ಡಾಕ್ಟರು "ನಡೀರಿ, ಇಲ್ಲದಿದ್ರೆ ಮಾತ್ರೆ ನುಂಗಿ" ಎಂದು ಹೆದರಿಸಿದವರೆಲ್ಲ. ಭಾನುವಾರ ಹತ್ತಿಪ್ಪತ್ತು ಜನ ಸೇರಿ ಚರಂಡಿ ಬಿಡಿಸುವುದು, ಸಡಿಲಾದ ಕಲ್ಲು ಕೂರಿಸುವುದು ಶುರುವಾಯಿತು. ಅಪ್ಪ ಹೋದಮೇಲೆ ಬೀಗದ ಕೈಯೂ ನನಗೆ ಬಂತು, ಆ ಭಾನುವಾರದ ಗುಂಪೂ ನನಗೆ ಬಂತು.

ನೀನು ಓದಿದೆ. ಓದಿಸಿದ್ದೇವೆ ಎಂದು ಎತ್ತಿ ಆಡುತ್ತಿಲ್ಲ. ನೀನು ಜಾಣನಿದ್ದೆ, ಓದಿದೆ. ನಗರಸಭೆಯ ಉದ್ಯಾನ ಮತ್ತು ವಿಹಾರ ವಿಭಾಗಕ್ಕೆ ಉಪನಿರ್ದೇಶಕನಾದ ದಿನ ಅಮ್ಮ ಎದುರುಮನೆ, ಪಕ್ಕದ ಮನೆ, ಹಿಂದಿನ ಮನೆ ಎಲ್ಲ ಮುಗಿಸಿ, ಬಾಗಿಲಿಗೆ ಬಂದ ಅಂಚೆಯವನಿಗೂ ಹೇಳಿದಳು. ಅವನು ಆ ಸುದ್ದಿಯ ಕಾಗದ ತಂದವನೇ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನೀನು ಬಗಲಲ್ಲಿ ಒಂದು ದಪ್ಪ ಫೈಲು ಇಟ್ಟುಕೊಂಡು ಬಂದೆ. ಅವತ್ತಿನ ನಿನ್ನ ಮುಖವನ್ನು ನಾನು ಮರೆತಿಲ್ಲ, ಮರೆತಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸರ್ಕಾರ ಹೊಸ ಅನುದಾನ ತಂದಿದೆ, ಸಾರ್ವಜನಿಕ ಜಮೀನಿನಲ್ಲಿ ಜನ ನಡೆಯಲಿ, ಕೂರಲಿ, ಗಾಳಿ ಕುಡಿಯಲಿ ಎಂದೇ ಮೀಸಲಿಟ್ಟ ಹಣ, ನಮ್ಮ ಗುಡ್ಡಕ್ಕೆ ಅದನ್ನು ತಂದೇ ತರುತ್ತೇನೆ ಎಂದೆ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಹಳೆಯ ಪೇಪರಿನ ಅಂಚಿನಲ್ಲಿ ಗುಡ್ಡ ಬರೆದೆ. "ಗಾಲಿಕುರ್ಚಿಯಲ್ಲಿ ಕೂತವರೂ ಮೇಲೆ ಹೋಗ್ಬೇಕು ಅಕ್ಕ. ಮಗುವಿನ ಗಾಡಿ ತಳ್ಳೋರೂ ಹೋಗ್ಬೇಕು. ಅಪ್ಪನ ಮೆಟ್ಟಿಲು ಕಾಲು ಗಟ್ಟಿ ಇರೋರಿಗೆ ಮಾತ್ರ." ಆ ಮಾತು ನಿಜವಾಗಿತ್ತು. ನನಗೆ ಹೆಮ್ಮೆಯಾಯಿತು. ಪಕ್ಕದ ಮನೆಯ ಹೊಲಿಗೆ ಟೀಚರ್ ಕೂಡ ಬಂದು ಕೂತರು. ನಿನ್ನ ಮೊದಲ ಸಂದರ್ಶನಕ್ಕೆ ರಾತ್ರೋರಾತ್ರಿ ಅಂಗಿ ಹೊಲಿದು ಕೊಟ್ಟವರು; ಎಪ್ಪತ್ತರ ಮೇಲೂ ಗಡಿಯಾರ ತಪ್ಪಿದರೂ ತಾವು ತಪ್ಪದೆ ಬೆಳಿಗ್ಗೆ ಗುಡ್ಡ ಹತ್ತುತ್ತಿದ್ದವರು. ಊರಿನವರ ಬೆಂಬಲ ಪತ್ರ ಬೇಕು ಎಂದೆ. ಕನ್ನಡಕ ಹಾಕಿಕೊಂಡು ಮೊದಲ ಸಹಿ ಹಾಕಿದ್ದು ಅವರೇ.

ಆಮೇಲೆ ನೀನು ನನ್ನನ್ನು ಕೇಳುತ್ತಾ ಹೋದೆ. ಭಾನುವಾರದ ಗುಂಪಿನಲ್ಲಿ ಎಷ್ಟು ಜನ, ಎಷ್ಟು ವರ್ಷದಿಂದ, ಒಂದು ದಿನಕ್ಕೆ ಎಷ್ಟು ಗಂಟೆ. ಊರಿನವರ ಪಾಲು ಎಂದು ಒಂದು ಭಾಗ ತೋರಿಸಬೇಕಂತೆ, ಅದನ್ನು ದುಡ್ಡಿನ ಬದಲು ಮೈಮುರಿದು ಮಾಡಿದ ಕೆಲಸದಲ್ಲಿ ತೋರಿಸಿದರೂ ನಡೆಯುತ್ತದಂತೆ. ನಾನು ಒಂದೊಂದೇ ನೆನಪಿಸಿಕೊಂಡು ಹೇಳಿದೆ, ನೀನು ಬರೆದುಕೊಂಡೆ. ಅರ್ಜಿಯಲ್ಲಿ ಇನ್ನೇನು ಬರೆದಿದ್ದೀಯೆಂದು ನಾನು ಕೇಳಲಿಲ್ಲ. ನನ್ನ ತಮ್ಮನ ಅರ್ಜಿಯನ್ನು ನಾನು ಓದಿ ನೋಡಬೇಕೇ?

ಅನುದಾನ ಮಂಜೂರಾಯಿತು. ಫೋಟೋ ಬಂತು, ಹಾರ ಬಂತು. ಅದಾಗಿ ಹದಿನೈದು ದಿನಕ್ಕೆ ನಾನು ಬೆಳಿಗ್ಗೆ ಟ್ಯಾಂಕಿಗೆ ಹೊರಟರೆ ಬೇಕರಿ ಮಗ್ಗುಲಲ್ಲಿ ತಂತಿಬೇಲಿ. "ಕಾಮಗಾರಿ ನಡೆಯುತ್ತಿದೆ, ಪ್ರವೇಶವಿಲ್ಲ." ಸರಿ, ಕೆಲಸ ನಡೆಯುವಾಗ ಬೇಲಿ ಇರುತ್ತದೆ ಎಂದುಕೊಂಡೆ. ಮರುವಾರ ಬೇಲಿಯ ಆಚೆ ನಾಲ್ಕು ಜನ ಹಾರೆ ಹಾಕಿ ಅಪ್ಪನ ಕೆಳಗಿನ ಮೆಟ್ಟಿಲುಗಳನ್ನು ಒಂದೊಂದೇ ಎಬ್ಬಿಸುತ್ತಿದ್ದರು. ಕಿತ್ತ ಜಾಗಕ್ಕೆ ಮಣ್ಣು ತುಂಬಿ, ಹೂವಿನ ಗಿಡ ನೆಟ್ಟು, ನೀರು ಬಿಟ್ಟರು. ಆ ಕಲ್ಲುಗಳು ಎಲ್ಲಿಗೆ ಹೋದವು ಎಂದು ನನಗೆ ಎರಡು ತಿಂಗಳ ಮೇಲೆ ಗೊತ್ತಾಯಿತು: ಹೊಸ ದಾರಿಯ ಸ್ವಾಗತ ಕಮಾನಿಗೆ. ನಿನ್ನ ಹೆಸರು ಕೆತ್ತಿದ ಫಲಕದ ಕೆಳಗೆ.

ಮೆಟ್ಟಿಲು ಎಬ್ಬಿಸುವುದನ್ನು ಕಂಡ ದಿನವೇ ನಾನು ನಿನ್ನ ಆಫೀಸಿಗೆ ಬಂದೆ. ಹೊರಗಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂರಿಸಿದೆ. ಒಳಗೆ ಕರೆದಾಗ ಹೊಸ ದಾರಿಯ ನಕ್ಷೆ ಗೋಡೆಯ ಮೇಲಿತ್ತು. ಅದನ್ನು ನೋಡಿ ನಾನು ಮೆಟ್ಟಿಲಿನ ಸಂಕಟವನ್ನೇ ಮರೆತೆ. ದಾರಿ ಪೂರ್ವದ ಇಳಿಜಾರಿನ ಮೇಲೆ ಹೋಗಿತ್ತು. ಗುಡ್ಡದ ನೀರೆಲ್ಲ ಒಳಗೊಳಗೇ ಆ ಕಡೆಗೇ ಇಳಿಯುತ್ತದೆ ಎಂದು ಅಪ್ಪ ನನಗೆ ಹತ್ತು ವರ್ಷಕ್ಕೇ ತೋರಿಸಿದ್ದರು. ಸುಡುಬೇಸಿಗೆಯಲ್ಲೂ ಅಲ್ಲಿ ಹುಲ್ಲು ಹಸಿರು. ಅದಕ್ಕೇ ಅವರು ಆ ಮಗ್ಗುಲಿಗೆ ಒಂದು ಕಲ್ಲನ್ನೂ ಇಡಲಿಲ್ಲ. "ಪಶ್ಚಿಮದ ಕಡೆ ತಗೊಂಡು ಹೋಗು, ಸುತ್ತು ಆಗುತ್ತೆ, ಆದ್ರೆ ನೆಲ ಗಟ್ಟಿ" ಎಂದೆ. "ಅಷ್ಟು ಸುತ್ತಿದ್ರೆ ಇನ್ನೊಂದು ವರ್ಷ ಬೇಕು. ಗಡುವಿನೊಳಗೆ ಮುಗಿಸದಿದ್ರೆ ಅನುದಾನ ವಾಪಸ್ ಹೋಗುತ್ತೆ" ಎಂದೆ ನೀನು. ಹೋದರೆ ಹೋಗಲಿ ಎಂದೆ ನಾನು. ಆಗ ನೀನು ಕನ್ನಡಕ ತೆಗೆದು ಒರೆಸುತ್ತಾ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ಅಕ್ಕ, ನಿನ್ನ ಹತ್ರ ಟ್ಯಾಂಕಿನ ಬೀಗದ ಕೈ ಇದೆ. ಎಂಜಿನಿಯರಿಂಗ್ ಡಿಗ್ರಿ ಇಲ್ಲ."

ನಿನಗೂ ಇಲ್ಲ ಕಣೋ. ನಿನ್ನದು ಇತಿಹಾಸ.

ಮನೆಗೆ ಬಂದು, ಪೂರ್ವದ ನೆಲ ನಂಬಬೇಡಿ ಎಂದು ಒಂದು ಪತ್ರ ಬರೆದು ನಿನ್ನ ಕಚೇರಿಗೆ ಕೊಟ್ಟು ಮುದ್ರೆ ಹಾಕಿಸಿಕೊಂಡೆ. ಅಷ್ಟೇ ಮಾಡಿದ್ದು. ಆಮೇಲೆ ಎಂಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡೆ. ಪತ್ರಿಕೆಯವರ ಹತ್ತಿರ ಹೋಗಬಹುದಿತ್ತು, ಅನುದಾನ ಮಂಡಳಿಗೇ ಬರೆಯಬಹುದಿತ್ತು. ಹೋಗಲಿಲ್ಲ, ನೀನು ನನ್ನ ತಮ್ಮ ಎಂದು. ಈ ಕಥೆಯಲ್ಲಿ ನನ್ನ ತಪ್ಪು ಇರುವುದು ಅಲ್ಲಿ, ಅದನ್ನು ನಾನು ಒಪ್ಪಿಕೊಳ್ಳುತ್ತೇನೆ. ನಿನ್ನ ಕಡೆಯಿಂದ ಅಂಥದ್ದೊಂದು ಸಾಲು ಇನ್ನೂ ಬಂದಿಲ್ಲ.

ಹೊಸ ದಾರಿ ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ಕುಟ್ಟಿ ಕೂರಿಸಿದ ಜಲ್ಲಿ, ಕೈ ಹಿಡಿದು ನಡೆಯಲು ಮರದ ಕಟಾಂಜನ, ಪೂರ್ವದ ಇಳಿಜಾರಿನಲ್ಲಿ ಕಂಬಗಳ ಮೇಲೆ ನಿಲ್ಲಿಸಿದ ಹಲಗೆಯ ಅಟ್ಟ. ಅಲ್ಲಿಂದ ಊರು ಪೂರ್ತಿ ಕಾಣುತ್ತಿತ್ತು. ಗಾಲಿಕುರ್ಚಿಯಲ್ಲಿ ಒಬ್ಬ ತಂದೆಯನ್ನು ಮಗಳು ತಳ್ಳಿಕೊಂಡು ಬಂದು, ಅವರು ಮೊದಲ ಸಲ ತಮ್ಮ ಮನೆಯ ಮಾಳಿಗೆಯನ್ನು ಮೇಲಿನಿಂದ ನೋಡಿ ಮಗುವಿನ ಹಾಗೆ ಕೈ ತೋರಿಸಿದ್ದನ್ನು ನಾನು ನೋಡಿದ್ದೇನೆ. ಅವತ್ತು ನಿನ್ನನ್ನು ಅರ್ಧ ಕ್ಷಮಿಸಿದ್ದೆ. ಅಟ್ಟದ ಕಂಬದ ಬುಡದಲ್ಲಿ ಮಣ್ಣು ಬೆರಳಗಲ ಬಿಟ್ಟುಕೊಂಡಿದ್ದನ್ನೂ ಅವತ್ತೇ ನೋಡಿದೆ. ಅದನ್ನು ನಿನ್ನ ಆಫೀಸಿನ ಹುಡುಗಿಗೆ ಫೋನಿನಲ್ಲಿ ಹೇಳಿದೆ. "ಸರ್‌ಗೆ ಹೇಳ್ತೀನಿ ಮೇಡಂ" ಎಂದಳು. ಹೇಳಿದ್ದಾಳೆ, ಆಮೇಲಿನ ವಿಚಾರಣೆಯಲ್ಲಿ ಅವಳೇ ಒಪ್ಪಿಕೊಂಡಳು. ನೀನು "ನೋಡೋಣ" ಎಂದೆಯಂತೆ.

ಮೂರು ದಿನ ಬಿಡದೆ ಮಳೆ ಬಿದ್ದು ನಾಲ್ಕನೇ ದಿನ ಬಿಸಿಲು ಬಂತು. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅಟ್ಟದ ಮೂಲೆ ಕುಸಿಯಿತು. ಆ ಹೊತ್ತಿಗೆ ಅಲ್ಲಿರುತ್ತಿದ್ದವರು ಯಾರು ಎಂದು ನಿನಗೂ ಗೊತ್ತು ನನಗೂ ಗೊತ್ತು. ಮೊದಲು ಅಲ್ಲಿಗೆ ಓಡಿದವರಲ್ಲಿ ನಾನೊಬ್ಬಳು. ಹೊಲಿಗೆ ಟೀಚರ್ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದರು, ಒಂದು ಚಪ್ಪಲಿ ಮೇಲೆ ಹಲಗೆಯ ಮೇಲೆಯೇ ಉಳಿದಿತ್ತು. ಅಳುತ್ತಿರಲಿಲ್ಲ. "ಸೀರೆ ಸರಿ ಮಾಡು" ಎಂದರು ನನಗೆ. ಸೊಂಟದ ಮೂಳೆ ಮುರಿದಿತ್ತು. ಎರಡು ಶಸ್ತ್ರಚಿಕಿತ್ಸೆ ಆದವು. ಈಗ ಅವರು ಹಾಸಿಗೆಯಿಂದ ಕಿಟಕಿಯವರೆಗೆ ನಡೆಯುತ್ತಾರೆ, ಕೋಲು ಹಿಡಿದು, ಎರಡು ಸಲ ನಿಂತು. ಹೊಲಿಗೆ ಯಂತ್ರದ ಪೆಡಲು ತುಳಿಯಲು ಆಗುವುದಿಲ್ಲ.

ಮರುದಿನ ನೀನು ಪತ್ರಿಕೆಗೆ ಕೊಟ್ಟ ಹೇಳಿಕೆ ಓದಿದೆ. "ಎಚ್ಚರಿಕೆಯ ಫಲಕವನ್ನು ಗಮನಿಸದೆ ವೃದ್ಧೆಯೊಬ್ಬರು ಅಂಚಿಗೆ ಹೋಗಿದ್ದರಿಂದ." ಫಲಕ! ನಾನು ಆ ಮಧ್ಯಾಹ್ನ ಹೋಗಿ ನೋಡಿದೆ. ಹೌದು, ಫಲಕ ಇತ್ತು. ಅದರ ಬುಡದ ಸಿಮೆಂಟಿಗೆ ಬೆರಳು ಒತ್ತಿದರೆ ಅಚ್ಚು ಮೂಡುತ್ತಿತ್ತು. ಒದ್ದೆ ಸಿಮೆಂಟು. ಕೆಳಗೆ ಹೆಂಗಸು ಆಸ್ಪತ್ರೆಯಲ್ಲಿ ನರಳುವಾಗ ನಿನಗೆ ಬಂದ ಮೊದಲ ಯೋಚನೆ ಫಲಕದ್ದು.

ಆಸ್ಪತ್ರೆಯಲ್ಲಿ ಟೀಚರ್ ನನ್ನ ಕೈ ಹಿಡಿದು, "ಅವನನ್ನ ಏನೂ ಅನ್ಬೇಡ ಕಣೇ. ಒಳ್ಳೇದು ಮಾಡೋಕೆ ಹೋಗಿ ಹೀಗಾಯ್ತು" ಎಂದರು. ಅವರು ಕ್ಷಮಿಸಿದರು. ಅದು ಅವರ ದೊಡ್ಡತನ, ನಿನ್ನ ಗಳಿಕೆ ಅಲ್ಲ. ನೀನು ಒಂದು ಬುಟ್ಟಿ ಹಣ್ಣು ಕಳಿಸಿದೆ, ಡ್ರೈವರ್ ಕೈಲಿ.

ವಿಚಾರಣೆಗೆ ಅನುದಾನ ಮಂಡಳಿಯಿಂದ ಒಬ್ಬ ಅಧಿಕಾರಿ ಬಂದರು. ತೆಳ್ಳನೆಯ ಹೆಂಗಸು, ನೀರಿನ ಬಾಟಲಿ ಕೂಡ ತಮ್ಮದೇ ತಂದಿದ್ದರು; ನಿನ್ನ ಕಚೇರಿಯ ಚಹಾ ಮುಟ್ಟಲಿಲ್ಲ. ನಿನ್ನ ಸಭಾಕೊಠಡಿಯಲ್ಲೇ ಕೂತು ನನಗೆ ನಿನ್ನ ಅರ್ಜಿಯ ಪ್ರತಿ ಕೊಟ್ಟು, ನಿಮಗೆ ಗೊತ್ತಿರುವುದನ್ನು ಹೇಳಿ ಎಂದರು. ನಾನು ಅದನ್ನು ಮೊದಲ ಸಲ ಓದಿದ್ದು ಅಲ್ಲಿ, ನಿನ್ನ ಎದುರಿಗೆ. ಏಳನೇ ಪ್ರಶ್ನೆ: ಈ ಸ್ಥಳದಲ್ಲಿ ಈಗಾಗಲೇ ನಡಿಗೆಯ ದಾರಿ ಇದೆಯೇ? ನಿನ್ನ ದುಂಡನೆಯ ಅಕ್ಷರದಲ್ಲಿ ಉತ್ತರ: ಇಲ್ಲ. ಇರುವ ದಾರಿಯ ದುರಸ್ತಿಗೆ ಸಿಗುವ ಅನುದಾನ ಚಿಕ್ಕದು, ಇಲ್ಲದ ಕಡೆ ಹೊಸದು ಮಾಡಲು ಸಿಗುವುದು ಅದರ ಎಂಟು ಪಟ್ಟು. ಅದಕ್ಕೇ ಅಪ್ಪ ಇಲ್ಲವಾದರು. ಹತ್ತೊಂಬತ್ತನೇ ಪ್ರಶ್ನೆ: ಊರಿನವರ ಪಾಲು ಏನು? ಅಲ್ಲಿ ಭಾನುವಾರದ ಗುಂಪಿನ ವರ್ಷಗಳೆಲ್ಲ ಇದ್ದವು, ನಾನು ನೆನಪಿಸಿಕೊಂಡು ಹೇಳಿದ ಒಂದೊಂದು ಗಂಟೆಯೂ. "ಗುಡ್ಡದ ದಾರಿಯ ನಿರ್ವಹಣೆಗೆ ಸ್ವಯಂಸೇವಕರ ಶ್ರಮ." ಏಳನೇ ಪ್ರಶ್ನೆಯಲ್ಲಿ ಇಲ್ಲದ ದಾರಿಗೆ ಹತ್ತೊಂಬತ್ತನೇ ಪ್ರಶ್ನೆಯಲ್ಲಿ ಇಡೀ ಊರು ಕಲ್ಲು ಹೊತ್ತಿತ್ತು. ನಗು ಬಂತು ನನಗೆ. ಅಂಥ ಜಾಗದಲ್ಲಿ ನಗಬಾರದು, ಆದರೂ ಬಂತು. ಅಧಿಕಾರಿ ಪುಟ ತಿರುವಿ ಎರಡನ್ನೂ ನೋಡಿ ನಿನ್ನನ್ನು ನೋಡಿದರು.

ನೀನು ತಡವರಿಸಲಿಲ್ಲ, ಮೆಚ್ಚಬೇಕು. ಅದು ದಾರಿಯಲ್ಲ, ಪೈಪು ನೋಡಲು ಇಲಾಖೆಯವರು ಹಾಕಿಕೊಂಡ ಚೂರುಪಾರು ಕಲ್ಲು ಎಂದೆ. ಮೇಲೆ ಉಳಿದಿರುವುದು ದನಗಳು ತುಳಿದ ಜಾಡು ಎಂದೆ. ಅಕ್ಕನಿಗೆ ನನ್ನ ಮೇಲೆ ಮೊದಲಿನಿಂದಲೂ ಅಸಮಾಧಾನ, ಇದು ಮನೆಯ ಜಗಳ ಎಂದೆ. ಅದಕ್ಕೆ ಸಾಕ್ಷಿಯಾಗಿ ಅಮ್ಮನನ್ನು ಕರೆತಂದೆ. ನನಗೆ ಹೇಳದೆ, ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬಂದು, "ನನ್ನ ಬಗ್ಗೆ ಒಂದೆರಡು ಒಳ್ಳೆ ಮಾತು ಹೇಳಿದ್ರೆ ಸಾಕಮ್ಮ" ಎಂದು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಅಮ್ಮ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಮಗನ ಆಫೀಸು ನೋಡಲು ಅವಳಿಗೆ ಅದೇ ಮೊದಲು.

ನೀನು ಹೇಳಿಸಬೇಕೆಂದಿದ್ದನ್ನೆಲ್ಲ ಅವಳು ಹೇಳಿದಳು. ಮಗ ಒಳ್ಳೆಯವನು, ಚಿಕ್ಕಂದಿನಿಂದ ಸುಳ್ಳು ಹೇಳಿದವನಲ್ಲ, ಮಗಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾನು ಗೋಡೆ ನೋಡುತ್ತಾ ಕೂತಿದ್ದೆ. ಆ ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕುತ್ತಾ, ಸುಮ್ಮನೆ ಮಾತಿಗೆಂಬಂತೆ ಕೇಳಿದರು: "ನಿಮ್ಮ ಯಜಮಾನರು ಟ್ಯಾಂಕಿಗೆ ಹೇಗೆ ಹೋಗ್ತಿದ್ರಮ್ಮ?" ಅಮ್ಮ ಅವರನ್ನು ಪಾಪ ಎಂಬಂತೆ ನೋಡಿದಳು. "ಇನ್ನೇನು, ಹಾರ್ಕೊಂಡು ಹೋಗ್ತಿದ್ರಾ? ದಾರೀಲೇ ಹೋಗ್ತಿದ್ರು. ಅವರೇ ಮಾಡಿದ ದಾರಿ. ನಾನೂ ದಿನಾ ಊಟ ತಗೊಂಡು ಅದರಲ್ಲೇ ಹೋಗ್ತಿದ್ದೆ." ಹೇಳಿ ನಿನ್ನ ಕಡೆ ತಿರುಗಿ, "ಅಲ್ವೇನೋ?" ಎಂದಳು. ಎಷ್ಟು ಸಹಜವಾಗಿ ಕೇಳಿದಳು. ನೀನು ಹೌದು ಎಂದರೆ ಮುಗಿಯಿತು, ಅಲ್ಲ ಎಂದರೂ ಮುಗಿಯಿತು. ನೀನು ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸಿದೆ.

ಅಲ್ಲಿಗೇ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ, ಗುಮಾಸ್ತರ ಎದುರಿಗೆ, ನೀನು ಅಮ್ಮನ ಮೇಲೆ ಕೂಗಾಡಿದೆ. "ನಿನಗೆ ಯಾರು ಕೇಳಿದ್ರು ದಾರಿ ವಿಷಯ? ಅಕ್ಕ ಹೇಳಿಕೊಟ್ಟಿದ್ದನ್ನ ಗಿಳಿ ಥರ ಒಪ್ಪಿಸಿದೆಯಲ್ಲ!" ಅಮ್ಮ ಕೈಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಏನು ತಪ್ಪು ಮಾಡಿದೆ ಎಂದೇ ಅವಳಿಗೆ ಗೊತ್ತಾಗಿರಲಿಲ್ಲ. ನೀನು ಕಾರು ಹತ್ತಿ ಹೋದೆ. ಕರೆತಂದವನೇ ಬಿಟ್ಟು ಹೋದೆ. ನಾವಿಬ್ಬರೂ ಬಸ್ಸಿನಲ್ಲಿ ಬಂದೆವು. ಬಸ್ಸಿನಲ್ಲಿ ಅವಳು ಒಂದೇ ಮಾತು ಕೇಳಿದಳು: "ನಾನು ದಾರಿ ಇರ್ಲಿಲ್ಲ ಅನ್ಬೇಕಿತ್ತಾ?"

ಹತ್ತು ದಿನಕ್ಕೆ ಮನೆಗೆ ಒಂದು ರಿಜಿಸ್ಟರ್ಡ್ ಲಕೋಟೆ ಬಂತು. ನೀನು ಮಂಡಳಿಗೆ ಬರೆದ ಪತ್ರ. ನಿಯಮದಂತೆ ಅದರ ಒಂದು ಪ್ರತಿಯನ್ನು ಅವರು ಅಮ್ಮನಿಗೆ ಕಳಿಸಿದ್ದರು. ಅದು ಅವಳ ಕೈಗೇ ಹೋಗುತ್ತದೆ ಎಂದು ನೀನು ಯೋಚಿಸಿರಲಿಕ್ಕಿಲ್ಲ. "ನನ್ನ ತಾಯಿಗೆ ಎಪ್ಪತ್ತೊಂಬತ್ತು ವರ್ಷ. ಕೆಲವು ವರ್ಷಗಳಿಂದ ಮರೆವಿನ ಕಾಯಿಲೆಯಿದ್ದು ನಡೆದದ್ದು ನಡೆಯದ್ದರ ವ್ಯತ್ಯಾಸ ತಿಳಿಯದು. ಅವರ ಹೇಳಿಕೆಯನ್ನು ಪರಿಗಣಿಸಬಾರದಾಗಿ ವಿನಂತಿ." ಹಿತ್ತಿಲ ಬಾಗಿಲಿನ ಬೆಳಕಿನಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಅವಳು ಅದನ್ನು ಎರಡು ಸಲ ಓದಿದಳು. ನಾನು ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದೆ. ಮಡಚಿ ಲಕೋಟೆಗೆ ಹಾಕಿ ಹೇಳಿದಳು: "ನನಗೆ ಮರೆವು ಬಂದಿದೆಯಂತೆ. ಯಾವಾಗ ಬಂತೋ, ನನಗೆ ನೆನಪೇ ಇಲ್ಲ."

ತಮಾಷೆ ಮಾಡಿದಳು. ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಾಲು ಒಲೆಯ ಮೇಲಿಟ್ಟು, ಉಕ್ಕುವವರೆಗೂ ಕಣ್ಣು ಕೀಳದೆ ಪಕ್ಕದಲ್ಲೇ ನಿಲ್ಲತೊಡಗಿದಳು. ಕೊಂಡು ತರಬೇಕಾದ ಸಾಮಾನನ್ನು ಗೊಣಗಿಕೊಂಡು ಉರು ಹೊಡೆಯತೊಡಗಿದಳು. ಅದನ್ನು ನೋಡಿದ ದಿನ ನನ್ನ ಪಾಲಿಗೆ ನೀನು ಮುಗಿದೆ. ದಾರಿಯ ಕಲ್ಲು ಕಿತ್ತೆ, ಸರಿ; ಇನ್ನೊಂದು ಕಲ್ಲು ತರಬಹುದು. ಗಟ್ಟಿಯಾಗಿದ್ದ ಮುದುಕಿಯೊಬ್ಬಳಿಗೆ ತನ್ನ ತಲೆಯ ಮೇಲೇ ಅನುಮಾನ ಹುಟ್ಟಿಸಿದೆಯಲ್ಲ, ನೀನು ಹೆತ್ತ ಮಗನೇನೋ?

ಮೂರನೇ ದಿನ ಅವಳೇ ನನ್ನನ್ನು ಕರೆದು, "ಆ ಅಮ್ಮನಿಗೆ ಫೋನ್ ಮಾಡು. ಬಂದು ನೋಡ್ಲಿ. ನಾನೇ ತೋರಿಸ್ತೀನಿ" ಎಂದಳು. ಅಧಿಕಾರಿ ಬಂದರು. ನನಗೆ ಮೊದಲೇ ಹೇಳಿದರು: "ನೀವು ಹಿಂದೆ ಬನ್ನಿ. ಒಂದು ಮಾತೂ ಆಡಬೇಡಿ." ನಿನಗೂ ನೋಟಿಸು ಹೋಗಿತ್ತು, ನೀನು ಬರಲಿಲ್ಲ. ಬಂದಿದ್ದರೆ ನೋಡುತ್ತಿದ್ದೆ. ಅಪ್ಪ ತೀರಿಕೊಂಡಮೇಲೆ ಒಂದು ಸಲವೂ ಗುಡ್ಡ ಹತ್ತದವಳು, ಹದಿನಾಲ್ಕು ವರ್ಷದ ಮೇಲೆ, ಬೇಕರಿ ಮಗ್ಗುಲಿಗೆ ಬಂದು ನಿನ್ನ ಹೂವಿನ ಗಿಡಗಳ ಎದುರು ನಿಂತಳು. ಒಂದು ಕ್ಷಣ ಅತ್ತ ಇತ್ತ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿಡಗಳ ನಡುವೆ ಕೋಲಿನಿಂದ ಸರಿಸಿಕೊಂಡು ಒಳಗೆ ನುಗ್ಗಿದಳು. ಹತ್ತಿಪ್ಪತ್ತು ಮಾರು ಹೋದಮೇಲೆ ಕೋಲು ಕಲ್ಲಿಗೆ ತಾಗಿ ಟಣ್ ಎಂದಿತು. ಮೆಟ್ಟಿಲು. ಅದರ ಮೇಲೆ ಇನ್ನೊಂದು. ಹುಲ್ಲು ಮುಚ್ಚಿಕೊಂಡು, ಸಾಲು ತಪ್ಪದೆ, ಮೇಲಿನವರೆಗೆ.

ಅವಳು ನಿಧಾನವಾಗಿ ಹತ್ತುತ್ತಾ ಹೇಳುತ್ತಾ ಹೋದಳು. "ಇದು ಉಸಿರು ತಿರುವು. ಇಲ್ಲಿ ಎಲ್ರೂ ನಿಲ್ಲೋರು, ಸುಮ್ನೆ ಊರು ನೋಡೋ ನೆಪ ಮಾಡೋರು. ಇದು ಸುಳ್ಳು ತುದಿ. ಬಂದೇ ಬಿಟ್ವಿ ಅನ್ಸುತ್ತೆ, ಇನ್ನೂ ಅಷ್ಟೇ ಇರುತ್ತೆ. ಈ ಕಲ್ಲು ಅಲುಗಾಡುತ್ತೆ, ಬಲಗಡೆ ಕಾಲಿಡಿ." ಅಧಿಕಾರಿ ಆ ಕಲ್ಲಿನ ಎಡಕ್ಕೆ ಕಾಲಿಟ್ಟು ನೋಡಿದರು. ಅಲುಗಾಡಿತು. ಮೊದಲ ಸಲ ಅವರು ನಕ್ಕಿದ್ದು ಆಗ.

ಅರ್ಧ ದಾರಿಯಲ್ಲಿ, ದೊಡ್ಡ ಬಂಡೆಯ ನೆರಳಿನಲ್ಲಿ, ಅಮ್ಮ ಕೂತಳು. ಸುಸ್ತಾಗಿ ಅಲ್ಲ. "ಇಲ್ಲೇ ನೋಡಿ ನನ್ಗೆ ನೋವು ಶುರುವಾಗಿದ್ದು. ಒಂಬತ್ತು ತುಂಬೋಕೆ ಇನ್ನೂ ಹದಿನೈದು ದಿನ ಇತ್ತು. ಊಟದ ಡಬ್ಬಿ ಹಿಡ್ಕೊಂಡು ಇವಳು ಮುಂದೆ, ನಾನು ಹಿಂದೆ. ಇವಳು ಓಡಿ ಹೋಗಿ ಅವರನ್ನ ಕರ್ಕೊಂಡು ಬಂದ್ಳು. ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಈ ಮೆಟ್ಟಿಲೆಲ್ಲ ಇಳಿದ್ರು. ಕೊರಳಿಗೆ ಹೊಕ್ಕಳುಬಳ್ಳಿ ಸುತ್ಕೊಂಡಿತ್ತು ಮಗು. ಇನ್ನು ಕಾಲು ಗಂಟೆ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟರು." ಪಕ್ಕದ ಮೆಟ್ಟಿಲಿನ ಹುಲ್ಲನ್ನು ಕೋಲಿನಿಂದ ಸರಿಸಿ, "ಅವನೇ ಈಗ ದಾರಿ ಇರ್ಲಿಲ್ಲ ಅಂತಿರೋನು" ಎಂದಳು. ಸಿಟ್ಟಿನಿಂದಲ್ಲ, ಯಾರಿಗೋ ಯಾರನ್ನೋ ಪರಿಚಯಿಸುವ ಹಾಗೆ.

ನನಗೆ ಏಳು ವರ್ಷ ಆಗ. ಆ ಡಬ್ಬಿಯ ಬಿಸಿ ನನ್ನ ಹೊಟ್ಟೆಗೆ ತಾಗುತ್ತಿದ್ದದ್ದು, ನಾನು ಓಡಿದ್ದು, ಅಪ್ಪನ ಕಾಲು ಒಂದು ಮೆಟ್ಟಿಲನ್ನೂ ತಪ್ಪದೆ ಇಳಿದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿ, ಬಾಟಲಿಯ ಮುಚ್ಚಳ ತೆಗೆದು ಅಮ್ಮನಿಗೆ ನೀರು ಕೊಟ್ಟರು.

ಮುಂದಿನದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಚಿಕ್ಕಮ್ಮನಿಗೆ ನೀನು ಹೇಳಿದ ಕಥೆಯಲ್ಲಿ ಇದು ಇರಲಿಲ್ಲವಂತೆ. ವರದಿ ಬಂತು. ಅರ್ಜಿಯಲ್ಲಿ ಸುಳ್ಳು ಹೇಳಿದ್ದಕ್ಕೆ, ಎಚ್ಚರಿಕೆಯ ಪತ್ರವನ್ನು ಬದಿಗಿಟ್ಟಿದ್ದಕ್ಕೆ, ಕುಸಿದಮೇಲೆ ಫಲಕ ನೆಟ್ಟಿದ್ದಕ್ಕೆ ನಿನ್ನನ್ನು ಹುದ್ದೆಯಿಂದ ತೆಗೆದರು. ನನ್ನ ಹೊಟ್ಟೆಕಿಚ್ಚಿಗೆ ಅಲ್ಲ. ಟೀಚರ್ ಚಿಕಿತ್ಸೆಯ ಖರ್ಚು ನಗರಸಭೆ ಕೊಡಬೇಕೆಂದಾಯಿತು. ಪೂರ್ವದ ಅಟ್ಟ ಬಿಚ್ಚಿದರು. ಉಳಿದ ಅನುದಾನವನ್ನು ವಾಪಸು ತೆಗೆದುಕೊಳ್ಳದೆ, ಗಾಲಿಕುರ್ಚಿಯ ದಾರಿಯನ್ನು ಪಶ್ಚಿಮದಿಂದ ಸುತ್ತಿ ಒಯ್ಯಲು, ಹಳೆಯ ದಾರಿಯನ್ನು ದುರಸ್ತಿ ಮಾಡಲು ಮಂಡಳಿ ಒಪ್ಪಿತು. ನಕ್ಷೆ ಗೋಡೆಗೆ ಹಾಕುವ ಮೊದಲು ಹೊಸ ಎಂಜಿನಿಯರು ಗುಡ್ಡಕ್ಕೆ ಬಂದು, ಎಲ್ಲಿ ಹುಲ್ಲು ಹಸಿರಿರುತ್ತದೆ ಎಂದು ನನ್ನನ್ನು ಕೇಳಿದಳು. ಡಿಗ್ರಿ ಇರುವವಳು.

ನಾನು ಗೆದ್ದೆ ಎಂದು ನಿನಗೆ ಅನ್ನಿಸಿದರೆ ಟೀಚರ್ ಮನೆಯ ಮುಂದೆ ಬೆಳಿಗ್ಗೆ ಹಾದು ನೋಡು. ಕಿಟಕಿಯಲ್ಲಿ ನಿಂತಿರುತ್ತಾರೆ. ಗುಡ್ಡ ಹತ್ತುವವರು ಕೈ ಬೀಸುತ್ತಾರೆ, ಅವರೂ ಬೀಸುತ್ತಾರೆ.

ಈಗ ಕೊನೆಯ ಮಾತು. ಇದನ್ನು ಅಮ್ಮ ಹೇಳಿ ಬರೆಸುತ್ತಿಲ್ಲ. ನಾನು ಬರೆಯುತ್ತಿದ್ದೇನೆಂದೂ ಅವಳಿಗೆ ಗೊತ್ತಿಲ್ಲ. ಆದರೆ ಗೇಟಿನ ಸದ್ದಾದರೆ ಅವಳು ಈಗಲೂ ಕತ್ತು ಎತ್ತಿ ನೋಡುತ್ತಾಳೆ. ಬಂದವನು ನೀನಲ್ಲ ಎಂದು ಗೊತ್ತಾದಮೇಲೆ ಕತ್ತು ತಗ್ಗಿಸುವುದನ್ನು ನಾನು ದಿನಾ ನೋಡಲಾರೆ. ಹಾಗಾಗಿ ಕೇಳು. ಮಂಗಳವಾರ ಮತ್ತು ಶುಕ್ರವಾರ ನಾನು ಒಂಬತ್ತಕ್ಕೆ ಮನೆ ಬಿಟ್ಟು ಟ್ಯಾಂಕಿಗೆ ಹೋಗುತ್ತೇನೆ. ಹನ್ನೆರಡಕ್ಕೆ ವಾಪಸು. ಆ ನಡುವೆ ಬಾ. ಬಂದು ಅವಳ ಎದುರು ಕೂತು, ನಿನಗೆ ಮರೆವಿಲ್ಲಮ್ಮ, ನಾನು ಸುಳ್ಳು ಬರೆದೆ ಎಂದು ಬಾಯಿಬಿಟ್ಟು ಹೇಳು. ಹಣ್ಣಿನ ಬುಟ್ಟಿ ಬೇಡ. ಡ್ರೈವರ್‌ನನ್ನು ಕಳಿಸಬೇಡ. ಅವಳು ಊಟಕ್ಕೆ ನಿಲ್ಲು ಎನ್ನುತ್ತಾಳೆ, ನಿಲ್ಲಬೇಡ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹೊರಟುಬಿಡು. ನಾನು ಬರುವಾಗ ನೀನು ಕುಡಿದ ಲೋಟ ಕೂಡ ತೊಳೆದಿಟ್ಟಿರಬೇಕು.

ಅಮ್ಮನ ಆಶೀರ್ವಾದ ನೀನು ಕೇಳದಿದ್ದರೂ ನಿನಗೆ ಇದೆ. ನನ್ನದನ್ನು ಕೇಳಬೇಡ. ಬರುವ ಮಂಗಳವಾರದವರೆಗೆ ಆರೋಗ್ಯವಾಗಿರು, ಅಷ್ಟು ಸಾಕು.

ಇಂತಿ,
ನಿನ್ನ ಅಕ್ಕ, ಅಮ್ಮ ಇರುವವರೆಗೆ